ಸರಪಳಿ ಕಳಚಿದ ಮೇಲೆ

ಅಪರಾಧವೆಸಗದವನನ್ನು ಸೆರೆಮನೆಯಲ್ಲಿಡಬಾರದೆಂಬುದು ಯಾರಿಗೂ ವಿವರಿಸಿ ಹೇಳಬೇಕಾದ ಮಾತಲ್ಲ. ಆದರೂ ನಮ್ಮ ದೇಶದಲ್ಲಿ ಅದನ್ನು ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು, ಅದೂ 1993ರಲ್ಲಿ. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಪಶ್ಚಿಮ ಬಂಗಾಳದ ಜೈಲುಗಳಲ್ಲಿ ಕೂಡಿಹಾಕಲಾಗಿತ್ತು. ಪತ್ರಕರ್ತೆ ಶೀಲಾ ಬಾರ್ಸೆಯವರ ಅರ್ಜಿಯ ವಿಚಾರಣೆಯಲ್ಲಿ ನ್ಯಾಯಾಲಯವು ಇಬ್ಬರನ್ನು ಅಲ್ಲಿಗೆ ಕಳುಹಿಸಿತು: ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಕಾನೂನು ವಿದ್ವಾಂಸೆ ಡಾ. ಅಮಿತಾ ಧಂಡಾ. ಇಂಥ ಬಂಧನ ಕಾನೂನುಬಾಹಿರ, ಸಂವಿಧಾನಬಾಹಿರ ಎಂಬ ತೀರ್ಪು ಬಂದದ್ದು ಅವರ ವರದಿಯ ನಂತರ.

ವಾದಿಸುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಸಾಕ್ಷಿ. 1951ರಲ್ಲಿ ಬಂಧಿತನಾದ ಆ ಯುವಕನನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. 1967ರಲ್ಲಿ ಗುಣಮುಖನೆಂದು ವೈದ್ಯರು ಬರೆದುಕೊಟ್ಟರು. ಆದರೆ ಆತನನ್ನು ಕಳುಹಿಸಿದ್ದು ಮನೆಗಲ್ಲ, ಗುವಾಹಟಿಯ ಜೈಲಿಗೆ. ವಿಚಾರಣೆ ನಡೆಯಲೇ ಇಲ್ಲ. ಕೊನೆಗೆ ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ಬಂದು, 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಹೊರಬಂದಾಗ 54 ವರ್ಷಗಳು ಸಂದಿದ್ದವು. 2007ರಲ್ಲಿ ತೀರಿಕೊಂಡರು. ಆ 54 ವರ್ಷಗಳಲ್ಲಿ ಆತನ ಪರವಾಗಿ ಒಬ್ಬ ವಕೀಲ ಒಂದು ಅರ್ಜಿ ಬರೆದಿದ್ದರೆ ಸಾಕಿತ್ತು!

2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ರೋಗಿಗಳು ಓಡಲಾಗದೆ ಸುಟ್ಟುಹೋದುದನ್ನು ಹಿರಿಯ ಓದುಗರು ಮರೆತಿರಲಾರರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಸಂಪೂರ್ಣವಾಗಿ ನಿಷೇಧಿಸಿತು. ಆದರೂ ಉತ್ತರ ಪ್ರದೇಶದ ಬದಾಯೂಂನಲ್ಲಿ ಸರಪಳಿ ಉಳಿದಿತ್ತು. ವಕೀಲ ಗೌರವ್ ಕುಮಾರ್ ಬನ್ಸಲ್ ನ್ಯಾಯಾಲಯದ ಬಾಗಿಲು ತಟ್ಟಿದರು. 2019ರ ಜನವರಿಯಲ್ಲಿ ಇದು ಅಮಾನುಷವೆಂದು ಹೇಳಿದ ಪೀಠದಲ್ಲಿದ್ದವರಲ್ಲಿ ಒಬ್ಬರು ಮೂಡುಬಿದಿರೆ ಸಮೀಪದ ಬೆಳುವಾಯಿಯವರಾದ ನ್ಯಾಯಮೂರ್ತಿ ಅಬ್ದುಲ್ ನಜೀರ್.

ಮಾನವ ವ್ಯಕ್ತಿಯೆಂದರೆ ವಿವೇಕ ಸ್ವಭಾವವುಳ್ಳ ಸತ್ವ ಎಂದು ಆರನೆಯ ಶತಮಾನದ ಬೊಯೀಥಿಯಸ್ ನಿರೂಪಿಸಿದುದನ್ನು ಗುರುಮಠದಲ್ಲಿ ನಾವು ಬಾಯಿಪಾಠ ಮಾಡಿದ್ದೆವು. ಹಾಗಾದರೆ ವಿವೇಕ ಕದಡಿದವನು ವ್ಯಕ್ತಿಯಲ್ಲವೇ ಎಂಬ ಪ್ರಶ್ನೆ ಸಹಜ. ಸ್ವಭಾವ ಬೇರೆ, ಅದರ ಕಾರ್ಯ ಬೇರೆ, ನಿದ್ರಿಸುವವನೂ ವ್ಯಕ್ತಿಯೇ. ಹೊಸ ಕಾಯಿದೆಯು ತನ್ನದೇ ದಾರಿಯಲ್ಲಿ ಇದರ ಸಮೀಪಕ್ಕೆ ಬಂದಿದೆ. ಕಾಯಿಲೆಯಿದೆಯೆಂಬ ಒಂದೇ ಕಾರಣಕ್ಕೆ ಯಾರನ್ನೂ ಬುದ್ಧಿಸ್ವಾಧೀನವಿಲ್ಲದವರೆಂದು ಪರಿಗಣಿಸುವಂತಿಲ್ಲ. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿಯೇ ಬರೆದಿಡಬಹುದು. ತನ್ನ ಪರವಾಗಿ ಮಾತನಾಡುವ ಪ್ರತಿನಿಧಿಯನ್ನೂ ಆರಿಸಿಕೊಳ್ಳಬಹುದು. ಅದು ಅಣ್ಣನೇ ಆಗಬೇಕೆಂದಿಲ್ಲ. (ಆಸ್ತಿಪಾಲಿನ ಕಾಗದಗಳಿಗೆ ರುಜು ಹಾಕಿಸಿಕೊಳ್ಳಲು ಅವಸರಪಡುವ ಬಂಧುಗಳಿಗೆ ಇದು ರುಚಿಸಲಿಕ್ಕಿಲ್ಲ.)

ಆದರೆ ನಮ್ಮ ಕುಟುಂಬಗಳು ಗಮನಿಸಬೇಕಾದ ವಿಧಿ ಇನ್ನೊಂದಿದೆ. ಗುಣಮುಖರಾದವರು ಕೇವಲ ಮನೆಯವರು ಒಪ್ಪಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಆಸ್ಪತ್ರೆಯಲ್ಲೇ ಉಳಿಯಬಾರದೆಂದು 19ನೆಯ ಕಲಮು ಹೇಳುತ್ತದೆ. ಇದೇ ದುಃಸ್ಥಿತಿಯನ್ನು ಮುಂದಿಟ್ಟು ಬನ್ಸಲ್ ಇನ್ನೊಂದು ಅರ್ಜಿಯನ್ನು ನಡೆಸಿದ್ದರು. ಜೈಲಿನ ಬೀಗವನ್ನು, ಆಸ್ಪತ್ರೆಯ ಬೀಗವನ್ನು ನ್ಯಾಯಾಲಯ ತೆಗೆಸೀತು. ಮನೆಯ ಬೀಗ? ಮಗಳ ಸಂಬಂಧ ತಪ್ಪೀತು, ನೆರೆಯವರು ಆಡಿಕೊಂಡಾರು ಎಂದು ಚಿಕ್ಕಪ್ಪನನ್ನೋ ಅಕ್ಕನನ್ನೋ ದೂರದ ಆಶ್ರಮದಲ್ಲಿ ಬಿಟ್ಟು, ತಿಂಗಳ ಹಣ ಕಳುಹಿಸಿ ಸುಮ್ಮನಾಗುವ ಮನೆಗಳು ನಮ್ಮ ನಡುವೆ ಇಲ್ಲವೆನ್ನಲಾದೀತೇ? ಪೂಜೆಗೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಮನೆಗಳಲ್ಲೂ ಈ ಮೌನವಿದೆ. ಆರೈಕೆಯ ಹೊರೆ ಹೊತ್ತು ದಣಿದ ತಾಯಂದಿರನ್ನು ನಾನು ದೂರುತ್ತಿಲ್ಲ. ಅವರಿಗೆ ಸರಕಾರ ನೀಡಬೇಕಾದ ನೆರವು ಇನ್ನೂ ಬಹಳ ಬಾಕಿಯಿದೆ. ಆದರೆ ದಣಿವು ಬೇರೆ, ನಾಚಿಕೆ ಬೇರೆ.

ಕುಟುಂಬ ಕೈಬಿಟ್ಟವನಿಗೆ ಸ್ವಂತ ಮನೆಯಲ್ಲಿ ವಾಸಿಸುವ ಹಕ್ಕನ್ನು ಪಡೆಯಲು ಸರಕಾರವು ಕಾನೂನು ನೆರವು ಒದಗಿಸಬೇಕೆಂದು ಅದೇ ಕಲಮು ವಿಧಿಸುತ್ತದೆ. 27ನೆಯ ಕಲಮಿನಂತೆ ಆ ನೆರವು ಉಚಿತ. ಇಂಥ ಹಕ್ಕಿದೆಯೆಂದು ರೋಗಿಗೆ ತಿಳಿಸುವುದು ಪೊಲೀಸ್ ಅಧಿಕಾರಿಯ, ಮ್ಯಾಜಿಸ್ಟ್ರೇಟರ ಮತ್ತು ಆಸ್ಪತ್ರೆಯ ಮುಖ್ಯಸ್ಥರ ಕರ್ತವ್ಯ. ನಮ್ಮಲ್ಲಿ ವಕೀಲಿ ಓದಿದ ಯುವಕ ಯುವತಿಯರು ಕಡಿಮೆಯಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಸರು ಕೊಟ್ಟು, ತಿಂಗಳಿಗೊಂದು ದಿನ ಹತ್ತಿರದ ಆಶ್ರಮವೊಂದಕ್ಕೆ ಹೋಗಿ, ಗುಣವಾಗಿಯೂ ಮನೆಗೆ ಹೋಗದೆ ಉಳಿದವರು ಯಾರೆಂದು ಅವರು ಕೇಳಲಿ. ಪಟ್ಟಿಯಲ್ಲಿ ನಮ್ಮದೇ ಕುಟುಂಬದ ಹೆಸರಿದ್ದರೆ, ಮೊದಲ ನೋಟೀಸು ನಮ್ಮ ಬಾಗಿಲಿಗೇ ಬರಲಿ.