ಏಳು ಮಾತ್ರೆಯ ಆರ್ಭಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗರು ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿದ ಮೇಲೆ ಊರಿಗೆ ತರುವ ಸಂಗೀತಗಳಲ್ಲಿ ಮನೆಯವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಟೆಕ್ನಿಕಲ್ ಡೆತ್ ಮೆಟಲ್. "ಇದೇನ್ ಹಾಡೋ ತಮ್ಮಾ, ಕಿವಿ ಹರಿತೈತಿ" ಎನ್ನುವ ಹಿರಿಯರನ್ನು ತಪ್ಪೆನ್ನಲಾಗದು. ಹುಡುಗರ ಒಲವನ್ನು ಹುಚ್ಚೆಂದು ತಳ್ಳಿಹಾಕುವುದೂ ನ್ಯಾಯವಲ್ಲ.

ಈ ಸಂಗೀತ ಬೆಳೆದದ್ದು ಅಮೆರಿಕದ ಫ್ಲಾರಿಡಾದಲ್ಲಿ. ಚಕ್ ಶುಲ್ಡಿನರ್ ಕಟ್ಟಿದ 'ಡೆತ್' ತಂಡದ 1987ರ ಮೊದಲ ಆಲ್ಬಂ ತುಂಬ ರಕ್ತ, ಹೆಣ, ಕೊಲೆ. 1991ರ 'ಹ್ಯೂಮನ್' ಬರುವಷ್ಟರಲ್ಲಿ ಅದೇ ಮನುಷ್ಯ ಮನಸ್ಸಿನ ಒಳಜಗಳಗಳನ್ನು ಬರೆಯತೊಡಗಿದ್ದ, ಶಾನ್ ರೈನರ್ಟ್ ನುಡಿಸಿದ ಡ್ರಮ್ಮಿನಲ್ಲಿ ಜಾಝ್ ಸಂಗೀತದ ಸೂಕ್ಷ್ಮ ಸೇರಿತ್ತು. ಗಿಟಾರು, ಬೇಸು, ಡ್ರಮ್ಮು ಬೇರೆ ಬೇರೆ ಲೆಕ್ಕದಲ್ಲಿ ಓಡಿ ಒಂದು ಕಡೆ ಕೂಡಿಕೊಳ್ಳುವುದು ಈ ಬಗೆಯ ಜೀವಾಳ. ಮೊದಲ ಸಲ ಬರೀ ಸದ್ದಿನ ಗೋಡೆ. ಮೂರನೆಯ ಸಲ ಕೇಳುವಾಗ ಎಳೆಗಳು ಬಿಡಿಯಾಗಿ ಕಾಣತೊಡಗುತ್ತವೆ, ಆ ಹಿಗ್ಗೇ ಕೇಳುಗನನ್ನು ಮತ್ತೆ ಎಳೆದು ಕೂರಿಸುತ್ತದೆ.

ಈ ಸಂಗೀತ ಬಳಸುವ ಐದು, ಏಳರ ಲೆಕ್ಕ ನಮಗೆ ಹೊಸದೂ ಅಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಸಾಗುವುದೇ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳ ಮೇಲೆ. ಗಮಕ ಕೇಳಿದ ಅಜ್ಜನ ಕಿವಿಗೆ ಏಳರ ನಡೆ ಗೊತ್ತು, ಹೆಸರು ಗೊತ್ತಿಲ್ಲದಿದ್ದರೂ. ಸಮಾಳ, ನಂದಿಕೋಲಿನ ನಾಡಿನಲ್ಲಿ ಜೋರು ಸದ್ದಿಗೆ ಅಂಜುವವರೂ ಕಡಿಮೆ. ಹಾಗಾಗಿ "ಇದು ಸಂಗೀತವೇ ಅಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಎದುರು ಪಕ್ಷದ ಬಲ ಬೇರೆ ಕಡೆ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಬಾಳಿದ ಹರಪನಹಳ್ಳಿ ಭೀಮವ್ವ ಭೀಮೇಶಕೃಷ್ಣ ಅಂಕಿತದಲ್ಲಿ ಕಟ್ಟಿದ ಹಾಡುಗಳು ಹೆಂಗಸರ ಬಾಯಿಂದ ಬಾಯಿಗೆ ಬಂದು ಉಳಿದವು. ಅವಕ್ಕೆ ವಾದ್ಯ ಬೇಡ, ವರ್ಷಗಟ್ಟಲೆ ಸಾಧನೆ ಬೇಡ, ನೆನಪಿದ್ದರೆ ಸಾಕು. ಡೆತ್ ಮೆಟಲ್ಲಿನ ಗುರುಗುಟ್ಟುವ ದನಿಯಲ್ಲಿ ಮಾತೇ ತಿಳಿಯದು. ವಚನ, ಕೀರ್ತನೆಗಳಲ್ಲಿ ಮಾತಿಗೆ ಮೊದಲ ಮಣೆ ಹಾಕಿದ ನಮ್ಮವರಿಗೆ ಇದು ಸಣ್ಣ ಕೊರತೆಯಲ್ಲ. ದನಿಯೂ ಒಂದು ವಾದ್ಯವೆಂದು ಅಭಿಮಾನಿಗಳು ಹೇಳುತ್ತಾರೆ. ಆ ಸಮಾಧಾನ ನನಗೆ ಅರ್ಧ ಮಾತ್ರ ಸಾಲುತ್ತದೆ.

ಇನ್ನೊಂದು ದೂರು ಇನ್ನೂ ಗಟ್ಟಿ. ನಂತರ ಬಂದ ಎಷ್ಟೋ ತಂಡಗಳಿಗೆ ವೇಗವೇ ಪಂದ್ಯ. ರೆಕಾರ್ಡಿಂಗಿನಲ್ಲಿ ಡ್ರಮ್ಮಿನ ಪ್ರತಿ ಪೆಟ್ಟನ್ನೂ ಕಂಪ್ಯೂಟರಿನಲ್ಲಿ ತಿದ್ದಿ ಕೂರಿಸುತ್ತಾರೆ. ಸ್ವರಗಳು ಸಾವಿರ, ಮನಸ್ಸಿನಲ್ಲಿ ನಿಲ್ಲುವುದು ಒಂದೂ ಇಲ್ಲ. ಕಸರತ್ತು ನೋಡಿ ಬೆರಗಾಗಬಹುದು, ಆ ಬೆರಗು ಬಹಳ ದಿನ ಬಾಳುವುದಿಲ್ಲ.

ಬೆಂಗಳೂರಿನಲ್ಲಿ ಮೆಟಲ್ ಸಂಗೀತಕ್ಕೆ ಬೇರು ಇದೆ. ಅಲ್ಲಿಯ ಡೈಯಿಂಗ್ ಎಂಬ್ರೇಸ್ ತಂಡ ಹುಟ್ಟಿದ್ದು 1991ರಲ್ಲಿ. ಎಕ್ಸೆಂಟ್ರಿಕ್ ಪೆಂಡುಲಂ ತಂಡ 2011ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದ ಭಾರತದ ಸ್ಪರ್ಧೆ ಗೆದ್ದು ಆ ಉತ್ಸವದಲ್ಲಿ ನುಡಿಸಿತು. ಬೆಂಗಳೂರಿನ ಹುಡುಗನಿಗೆ ಜೊತೆಗಾರರಿದ್ದಾರೆ, ವೇದಿಕೆಯಿದೆ. ಕೂಡ್ಲಿಗಿಯಿಂದ ಆ ವೇದಿಕೆ 250 ಕಿಲೋಮೀಟರಿಗೂ ದೂರ. ಇಲ್ಲಿ ಕೇಳುವವನು ಇಯರ್‌ಫೋನಿನಲ್ಲಿ ಒಬ್ಬನೇ ಕೇಳಬೇಕು. ಎಲ್ಲರೂ ಕೂಡಿ ತೇರೆಳೆಯುವ ಊರಿನಲ್ಲಿ ಆ ಒಂಟಿತನ ಮನೆಯವರನ್ನು ಸದ್ದಿಗಿಂತ ಹೆಚ್ಚು ಕಾಡುತ್ತದೆ ಎಂದು ನನಗನ್ನಿಸುತ್ತದೆ.

ಎರಡೂ ಕಡೆ ತೂಗಿದರೆ ನನ್ನ ತೀರ್ಮಾನ ಇಷ್ಟು: ಕಷ್ಟವಾಗಿದೆ ಎಂಬುದು ಈ ಸಂಗೀತದ ದೋಷವೂ ಅಲ್ಲ, ಗುಣವೂ ಅಲ್ಲ; ಮನಸ್ಸಿನಲ್ಲಿ ನಿಲ್ಲುತ್ತದೆಯೇ ಎಂಬುದೇ ಮುಖ್ಯ. ಚಕ್ 2001ರಲ್ಲಿ, 34ನೇ ವಯಸ್ಸಿಗೇ ತೀರಿಕೊಂಡ. ಅವನ 1995ರ 'ಸಿಂಬಾಲಿಕ್' ಇಂದಿಗೂ ನಿಂತಿದೆ, ಏಕೆಂದರೆ ಅದರ ಗಿಟಾರಿನ ಸಾಲುಗಳನ್ನು ಬಾಯಲ್ಲೇ ಗುನುಗಬಹುದು. ಹೊಸದಾಗಿ ಕೇಳುವವರು ಇತ್ತೀಚಿನ ವೇಗದ ತಂಡಗಳಿಂದ ಶುರುಮಾಡಬೇಡಿ. ಮೊದಲು 'ಹ್ಯೂಮನ್', ಆಮೇಲೆ 'ಸಿಂಬಾಲಿಕ್' ಕೇಳಿ, ಅದೂ ಎರಡು ಮೂರು ದಿನ ಬಿಡುವು ಕೊಟ್ಟು.