ಒಂದೇ ರಕ್ತವೆಂದು ನೆರೆಯವನ ರಕ್ತ ಹರಿಸುವವರು

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಆಹಾರ ಸಾಮಗ್ರಿಗಾಗಿ ಸಾಲಿನಲ್ಲಿ ನಿಂತಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರಷ್ಯದ ದಾಳಿಗೆ ಬಲಿಯಾದ. ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿನತ್ತ ಸಾಗಿದರೆ ಸಿಗುವ ಚಳಗೇರಿ ಆತನ ಊರು. ಮೂರು ವಾರಗಳ ಬಳಿಕ ಊರು ತಲುಪಿದ ಮೃತದೇಹವನ್ನು ಹೆತ್ತವರು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು.

ಯುದ್ಧವು ಇಷ್ಟು ಹತ್ತಿರ ಬಂದ ಮೇಲೂ ನಮ್ಮವರಲ್ಲಿ ಅನೇಕರು ಅದನ್ನು ಅಮೆರಿಕ ಮತ್ತು ರಷ್ಯಗಳ ಕುಸ್ತಿಯೆಂದೇ ಬಗೆದಿದ್ದಾರೆ. ಇರಾಕನ್ನು ಧ್ವಂಸಗೊಳಿಸಿದ, ಗಾಝಾದ ನರಮೇಧಕ್ಕೆ ಶಸ್ತ್ರ ಪೂರೈಸಿದ ಅಮೆರಿಕದ ಬಗ್ಗೆ ನಮಗಿರುವ ಆಕ್ರೋಶ ನ್ಯಾಯವಾದುದೇ. ಆದರೆ ಅಮೆರಿಕಕ್ಕೆ ಎದುರು ನಿಂತವನೆಂಬ ಒಂದೇ ಕಾರಣಕ್ಕೆ ಪುಟಿನ್‌ರಿಗೆ ಚಪ್ಪಾಳೆ ತಟ್ಟುವುದು ಯಾವ ನ್ಯಾಯ?

ಈ ಸಂಘರ್ಷದ ಬೇರು ಅಮೆರಿಕದಲ್ಲಿಲ್ಲ. ‘ನೀವು ಬೇರೆ ಜನಾಂಗವೇ ಅಲ್ಲ, ನೀವೂ ನಾವೇ’ ಎಂಬ ಹಳೆಯ ಸಾಮ್ರಾಜ್ಯಶಾಹಿ ವಾದದಲ್ಲಿದೆ. 988ರಲ್ಲಿ ಕೀವ್‌ನ ಅರಸ ಕ್ರೈಸ್ತಮತ ಸ್ವೀಕರಿಸಿದುದನ್ನು ಎರಡೂ ಜನತೆ ತಮ್ಮ ಚರಿತ್ರೆಯ ಆರಂಭವೆನ್ನುತ್ತವೆ. ಹಂಚಿಕೊಳ್ಳಬಹುದಾಗಿದ್ದ ಆ ಪರಂಪರೆಗೆ ಮಾಸ್ಕೋ ತಾನೊಬ್ಬನೇ ವಾರಸುದಾರನೆಂದಿತು. 1863ರಲ್ಲಿ ಝಾರ್ ಸರಕಾರದ ಸಚಿವ ವಲುಯೇವ್, ಪ್ರತ್ಯೇಕ ಉಕ್ರೇನಿ ಭಾಷೆಯೇ ಇಲ್ಲವೆಂಬ ನೆಪವೊಡ್ಡಿ ಆ ಭಾಷೆಯ ಧಾರ್ಮಿಕ ಮತ್ತು ಶೈಕ್ಷಣಿಕ ಪುಸ್ತಕಗಳಿಗೆ ತಡೆ ಹಾಕಿದ. 1876ರಲ್ಲಿ ನಿಷೇಧ ಇನ್ನಷ್ಟು ಬಿಗಿಯಾಯಿತು. 1932-33ರಲ್ಲಿ ಸ್ಟಾಲಿನ್ ಧಾನ್ಯ ಕಸಿದುದರಿಂದ ಉಂಟಾದ ಕ್ಷಾಮದಲ್ಲಿ ಲಕ್ಷಾಂತರ ಉಕ್ರೇನಿಯರು ಸತ್ತರು. 1991ರ ಡಿಸೆಂಬರ್ 1ರ ಜನಮತಗಣನೆಯಲ್ಲಿ ಮತ ಚಲಾಯಿಸಿದವರ ಪೈಕಿ 90 ಶೇಕಡಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯವನ್ನು ಆರಿಸಿಕೊಂಡರು. 1994ರಲ್ಲಿ ಉಕ್ರೇನ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿದಾಗ ಅದರ ಗಡಿಯನ್ನು ಗೌರವಿಸುವುದಾಗಿ ರಷ್ಯ ಸಹಿ ಹಾಕಿತು. ಅದೇ ರಷ್ಯ 2014ರಲ್ಲಿ ಕ್ರಿಮಿಯಾವನ್ನು ನುಂಗಿತು. 2021ರ ಜುಲೈಯಲ್ಲಿ ಪುಟಿನ್ ಎರಡೂ ಜನತೆ ಒಂದೇ ಎಂದು ಪ್ರಬಂಧ ಬರೆದರು. ಏಳು ತಿಂಗಳಲ್ಲಿ ಟ್ಯಾಂಕುಗಳು ಗಡಿ ದಾಟಿದವು.

ನೇಟೋ ವಿಸ್ತರಣೆ ಬೆಂಕಿಗೆ ತುಪ್ಪ ಸುರಿಯಿತೆಂಬುದು ಸುಳ್ಳಲ್ಲ. ಉಕ್ರೇನಿನ ಉಗ್ರ ರಾಷ್ಟ್ರೀಯವಾದಿಗಳ ಚರಿತ್ರೆಯಲ್ಲೂ ರಕ್ತದ ಕಲೆಗಳಿವೆ. 2019ರ ಅಲ್ಲಿನ ಭಾಷಾ ಕಾನೂನು ರಷ್ಯನ್ ಭಾಷಿಕರಲ್ಲಿ ಅಸಮಾಧಾನ ಹುಟ್ಟಿಸಿತು. ಆದರೆ ಖಾರ್ಕಿವ್ ಬಹುತೇಕ ರಷ್ಯನ್ ಮಾತಾಡುವ ನಗರ! ರಷ್ಯನ್ ಭಾಷಿಕರನ್ನು ರಕ್ಷಿಸಲು ಬಂದವರು ಅವರ ಮನೆಗಳ ಮೇಲೆಯೇ ಶೆಲ್ ಸುರಿಸಿದ್ದೇಕೆ? ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ ಆಡುವ ದಾವಣಗೆರೆಯ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು: ಆಡುವ ಭಾಷೆ ಯಾವುದೆಂಬುದು ಯಾರ ನಿಷ್ಠೆಯನ್ನೂ ತೀರ್ಮಾನಿಸುವುದಿಲ್ಲ.

ಇನ್ನು ಕ್ರಿಮಿಯಾದ ತಾತಾರ್ ಮುಸ್ಲಿಮರನ್ನು ಮರೆಯಲಾದೀತೇ? 1944ರ ಮೇ 18ರಿಂದ ಕೆಲವೇ ದಿನಗಳಲ್ಲಿ ಸುಮಾರು 1,90,000 ತಾತಾರರನ್ನು, ನಾಝಿಗಳಿಗೆ ನೆರವಾದರೆಂಬ ಸಾಮೂಹಿಕ ಆರೋಪ ಹೊರಿಸಿ, ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಲಾಯಿತು. ದೊಡ್ಡ ಪ್ರಮಾಣದಲ್ಲಿ ತಾಯ್ನೆಲಕ್ಕೆ ಮರಳಲು ಅವರು 1980ರ ದಶಕದ ಕೊನೆಯ ತನಕ ಕಾಯಬೇಕಾಯಿತು. 2016ರಲ್ಲಿ ಅವರ ಪ್ರಾತಿನಿಧಿಕ ಸಭೆ ಮೆಜ್ಲಿಸನ್ನು ರಷ್ಯ ನಿಷೇಧಿಸಿತು. 1990ರ ದಶಕದಲ್ಲಿ ರಷ್ಯನ್ ಬಾಂಬುಗಳಿಗೆ ಗ್ರೋಝ್ನಿಯನ್ನು ಕಳೆದುಕೊಂಡ ಚೆಚೆನ್ನರು ಈ ಯುದ್ಧದಲ್ಲಿ ಎರಡೂ ಪಾಳಯಗಳಲ್ಲಿ ನಿಂತು ಪರಸ್ಪರ ಗುಂಡು ಹಾರಿಸಿದರು. ನಮ್ಮದೇ ಕಲಬುರಗಿಯ ಯುವಕರು ಭದ್ರತಾ ಕೆಲಸದ ಆಸೆಗೆ ಏಜೆಂಟರನ್ನು ನಂಬಿ ಹೋಗಿ ರಣರಂಗದಲ್ಲಿ ಸಿಲುಕಿ, 2024ರ ಸೆಪ್ಟೆಂಬರಿನಲ್ಲಿ ಬದುಕಿ ಮರಳಿದರು. ಪುಟಿನ್ ಮುಸ್ಲಿಮರ ಮಿತ್ರನೆನ್ನುವವರು ಇದಕ್ಕೇನು ಉತ್ತರಿಸುತ್ತಾರೆ?

ನೆರೆಯವರು ಒಂದಾಗಬಾರದೆಂದು ನಾವು ಹೇಳುತ್ತಿಲ್ಲ. 1956ರ ತನಕ ಹರಿಹರದ ಬಳಿ ತುಂಗಭದ್ರೆಯೇ ಗಡಿಯಾಗಿತ್ತು. ಈಚೆ ದಡ ಮೈಸೂರಿನದು, ಆಚೆ ದಡ ಮುಂಬಯಿಯದು. ಆಚೆಯ ಧಾರವಾಡ ಸೀಮೆಯಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಕೊನೆಗೆ ಆ ಗಡಿ ಅಳಿಯಿತು. ಅಳಿಸಿದ್ದು ಫಿರಂಗಿಯಲ್ಲ, ಎರಡೂ ದಡದ ಜನರ ಬಯಕೆ. ಒಪ್ಪಿ ಒಂದಾಗುವುದು ಏಕೀಕರಣ. ಕತ್ತು ಹಿಡಿದು ಒಂದಾಗಿಸುವುದು ಆಕ್ರಮಣ.

ನಿಜ ಹೇಳಬೇಕೆಂದರೆ, ‘ಎಲ್ಲರ ರಕ್ತವೂ ಒಂದೇ, ನಿಮ್ಮ ಬೇರೆತನ ಬಿಡಿ’ ಎಂಬ ಮಾತು ನಮಗೆ ಹೊಸದಲ್ಲ. ನಮ್ಮ ದೇಶದಲ್ಲೂ ವೇದಿಕೆಗಳಿಂದ ಅದನ್ನು ಕೇಳುತ್ತಲೇ ಇದ್ದೇವೆ. ಕೇಳಲು ಅದು ಪ್ರೀತಿಯ ಕರೆ. ಆದರೆ ನಮ್ಮ ಹೆಸರು, ನುಡಿ, ಆರಾಧನೆ, ನೆನಪುಗಳನ್ನು ತೊರೆಯಬೇಕೆಂಬುದು ಅದರೊಳಗಿನ ಷರತ್ತು. ಇಲ್ಲಿ ಆ ಷರತ್ತನ್ನು ತಿರಸ್ಕರಿಸುವ ನಾವು ಉಕ್ರೇನಿಯರ ಮೇಲೆ ಅದನ್ನೇ ಹೇರುವವನನ್ನು ವೀರನೆನ್ನುವುದಾದರೆ, ನಮ್ಮ ಪ್ರತಿಭಟನೆಗೆ ಬೆಲೆಯೇನು? ನ್ಯಾಯದ ತಕ್ಕಡಿಯಲ್ಲಿ ಅಮೆರಿಕಕ್ಕೊಂದು ಬಟ್ಟು, ರಷ್ಯಕ್ಕೊಂದು ಬಟ್ಟು ಇರಲಾಗದು. ಬಾಗ್ದಾದ್‌ಗಾಗಿ, ಗಾಝಾಗಾಗಿ ಮಿಡಿದ ಹೃದಯ ಖಾರ್ಕಿವ್‌ಗಾಗಿಯೂ ಮಿಡಿಯಲಿ. ಆಗ ಮಾತ್ರ ನಮ್ಮ ನ್ಯಾಯದ ಮಾತನ್ನು ಜಗತ್ತು ನಂಬೀತು.