ಓಟಕ್ಕೊಂದು ಟಿಕೀಟು

ಪುಕ್ಕಟೆಯಾಗಿ ದೊರೆಯುವುದಕ್ಕೆ ಬೆಲೆಯಿಲ್ಲವೆಂಬ ಮಾತನ್ನು ಈಚೆಗೆ ವಿದ್ಯಾವಂತರ ಬಾಯಲ್ಲಿ ಪದೇ ಪದೇ ಕೇಳುತ್ತಿದ್ದೇನೆ. ಬೆಳಗಿನ ಬಿಸಿಲಿಗಾಗಲಿ ಮರದ ನೆರಳಿಗಾಗಲಿ ಯಾರೂ ಟಿಕೀಟು ಇಟ್ಟಿಲ್ಲ. ಅದರಿಂದ ಅವುಗಳ ಬೆಲೆ ಕುಂದಿತೆಂದು ಈ ಮಹನೀಯರೂ ಹೇಳಲಾರರು. ಆದರೆ ಹತ್ತು ಜನ ಸೇರಿ ಓಡುವ ವಿಷಯ ಬಂದೊಡನೆ ಅವರಿಗೆ ರಸೀತಿ ಪುಸ್ತಕದ ನೆನಪಾಗುತ್ತದೆ.

ವಿಷಯ ಇಷ್ಟು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವು ಕೆಲವರು ಸ್ನೇಹಿತರು ಸೇರಿ ಐದು ಕಿಲೋಮೀಟರು ಓಡುತ್ತೇವೆ. ಓಡುತ್ತೇವೆ ಎಂಬುದು ಸೌಜನ್ಯದ ಮಾತು. ನನ್ನಂಥ ಕನ್ನಡ ಮೇಷ್ಟರು ಅರ್ಧ ಓಡಿ ಅರ್ಧ ನಡೆಯುತ್ತಾರೆ. ಐದಾರು ಮಂದಿಯ ಈ ಕೂಟ ಈಗ ನಲವತ್ತಕ್ಕೆ ಬೆಳೆದಿದೆ. ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ನರ್ಸುಗಳಿದ್ದಾರೆ, ಕಾಲೇಜು ಹುಡುಗರಿದ್ದಾರೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವ ಕಾವಲುಗಾರನೊಬ್ಬನಿದ್ದಾನೆ. ಇಷ್ಟಾದ ಮೇಲೆ ನಮ್ಮಲ್ಲೇ ಕೆಲವರಿಗೆ ವ್ಯವಸ್ಥೆಯ ಹಂಬಲ ಹುಟ್ಟಿದೆ. ತಿಂಗಳಿಗೆ 300 ರೂಪಾಯಿ ಚಂದಾ, ಎಲ್ಲರಿಗೂ ಒಂದೇ ಬಣ್ಣದ ಅಂಗಿ, ವೇಳೆ ಅಳೆಯುವ ಯಂತ್ರ, ಮೊದಲ ಮೂವರಿಗೆ ಪದಕ, ವರ್ಷಕ್ಕೊಮ್ಮೆ ಮುಖ್ಯ ಅತಿಥಿ! “ದುಡ್ಡು ಕೊಟ್ಟರೆ ಶಿಸ್ತು ಬರುತ್ತದೆ ಸಾರ್, ಮುನ್ನೂರು ರೂಪಾಯಿ ಏನು ಮಹಾ?” ಎಂಬುದು ಅವರ ವಾದ. ಈ ವಾದವನ್ನು ನಾನು ಬಲವಾಗಿ ವಿರೋಧಿಸುತ್ತೇನೆ.

ಶಿಸ್ತಿಗೆ ದುಡ್ಡೇ ಬೇಕೆನ್ನುವವರು ಇಂಗ್ಲೆಂಡಿನ ಕಡೆ ನೋಡಲಿ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ ಪಾಲ್ ಸಿಂಟನ್-ಹೆವಿಟ್ ಎಂಬುವರು ಇಂಥದೇ ಓಟವೊಂದನ್ನು ಆರಂಭಿಸಿದರು. ಪೆಟ್ಟುಬಿದ್ದು ಓಟದಿಂದ ದೂರವಾಗಿದ್ದ ಅವರಿಗೆ ಬೇಕಾಗಿದ್ದುದು ಪದಕವಲ್ಲ, ಗೆಳೆಯರ ಸಹವಾಸ. ಮೊದಲ ದಿನ ಓಡಿದವರು ಹದಿಮೂರೇ ಮಂದಿ. ಮೊದಮೊದಲು ಓಟ ಮುಗಿಸಿದವರ ಕೈಗೆ ಕೊಡುತ್ತಿದ್ದ ಬಿಲ್ಲೆಗಳು ಹಾರ್ಡ್‌ವೇರ್ ಅಂಗಡಿಯಿಂದ ತಂದ ವಾಷರುಗಳು! ಪಾರ್ಕ್‌ರನ್ ಎಂಬ ಹೆಸರಿನಲ್ಲಿ ಅದು ಇಂದು ಹಲವು ದೇಶಗಳಿಗೆ ಹಬ್ಬಿದೆ. ಸಂಸ್ಥೆಗೆ ಪ್ರಾಯೋಜಕರಿದ್ದಾರೆ, ನಿಜ. ಆದರೆ ವಾರದ ಓಟಕ್ಕೆ ಬಂದವನಿಂದ ಇಂದಿಗೂ ಒಂದು ಕಾಸು ಕೇಳುವುದಿಲ್ಲ. ಸ್ವಯಂಸೇವಕರೊಬ್ಬರು ಎಲ್ಲರಿಗಿಂತ ಹಿಂದೆ ನಡೆದು ಬರುತ್ತಾರೆ. ಆದ್ದರಿಂದ ಬೇರೆ ಯಾರೂ ಕೊನೆಯವರಾಗುವ ಸಂಭವವೇ ಇಲ್ಲ. ವರ್ಷಗಳು ಕಳೆದಂತೆ ಅಲ್ಲಿ ಓಟ ಮುಗಿಸುವ ಸರಾಸರಿ ವೇಳೆ ಹೆಚ್ಚುತ್ತ ಬಂದಿದೆ. ನಿಧಾನಸ್ಥರು ಧೈರ್ಯವಾಗಿ ಬರುತ್ತಿದ್ದಾರೆಂದು ಸಂಘಟಕರು ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಅಲ್ಲಿಯೂ ರಸೀತಿ ಪುಸ್ತಕದವರಿಲ್ಲದೆ ಇಲ್ಲ. 2016ರಲ್ಲಿ ಬ್ರಿಸ್ಟಲ್ ಬಳಿಯ ಸ್ಟೋಕ್ ಗಿಫರ್ಡ್ ಎಂಬ ಊರಿನ ಪಂಚಾಯಿತಿ, ಉದ್ಯಾನದ ಹಾದಿ ಸವೆಯುತ್ತದೆಂದು ಓಟಕ್ಕೆ ಶುಲ್ಕ ವಿಧಿಸಲು ನಿರ್ಧರಿಸಿತು. ಹಾದಿಯನ್ನು ದುರಸ್ತಿ ಮಾಡಲು ಹಣ ಬೇಕೆಂಬುದು ಸುಳ್ಳಲ್ಲ. ಆದರೆ ಸಾರ್ವಜನಿಕ ಉದ್ಯಾನಕ್ಕೆ ಜನರ ತೆರಿಗೆಯಿಂದ ಹಣ ಹೋಗಬೇಕೇ ಹೊರತು, ಹಾದಿಯಲ್ಲಿ ಹೆಜ್ಜೆಯಿಟ್ಟವನ ಜೇಬಿನಿಂದಲ್ಲ. ಕೊನೆಗೆ ಶುಲ್ಕವೂ ಬರಲಿಲ್ಲ, ಓಟವೂ ಉಳಿಯಲಿಲ್ಲ.

ನನ್ನ ಮುಖ್ಯವಾದ ಆಕ್ಷೇಪಣೆ ಬೇರೆಯೇ ಇದೆ. ಚಂದಾ ಇಟ್ಟೊಡನೆ ಆ ಕಾವಲುಗಾರ ಯಾರಿಗೂ ಹೇಳದೆ ಬರುವುದನ್ನು ನಿಲ್ಲಿಸುತ್ತಾನೆ. ಬಡವರಿಗೆ ವಿನಾಯಿತಿ ಕೊಡೋಣವೆಂದು ಗೆಳೆಯರು ಹೇಳುತ್ತಾರೆ. ಸಮಾನನಾಗಿ ಬಂದವನನ್ನು ಅರ್ಜಿದಾರನನ್ನಾಗಿ ಮಾಡುವುದು ಯಾವ ಔದಾರ್ಯ? ಇನ್ನು ಚಂದಾ ಕೊಡಬಲ್ಲ ನಮ್ಮ ಗತಿಯೇನು? ಇಂದು ಗಡಿಯಾರ ಹಿಡಿಯುವವರು ತಡವಾಗಿ ಬಂದರೆ ನಗುತ್ತೇವೆ; ಮತ್ತೊಬ್ಬರು ಗಡಿಯಾರ ಹಿಡಿಯುತ್ತಾರೆ. ನಾಳೆ ದುಡ್ಡು ಕೊಟ್ಟವರು ನಗುವುದಿಲ್ಲ, ಲೆಕ್ಕ ಕೇಳುತ್ತಾರೆ. ಸ್ನೇಹಿತರಾಗಿದ್ದವರು ಗಿರಾಕಿಗಳಾಗುತ್ತಾರೆ.

ಸ್ಪರ್ಧೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಪದಕದ ಆಸೆಯುಳ್ಳವರಿಗೆ ಇದೇ ಊರಿನಲ್ಲಿ 2008ರಿಂದ ಹತ್ತು ಕಿಲೋಮೀಟರಿನ ದೊಡ್ಡ ಓಟ ನಡೆಯುತ್ತ ಬಂದಿದೆ. ಶುಲ್ಕ ಕೊಟ್ಟು ಧಾರಾಳವಾಗಿ ಓಡಲಿ, ಗೆಲ್ಲಲಿ. ನಮ್ಮ ಕೂಟಕ್ಕೆ ಒಂದು ಗಡಿಯಾರ, ಒಂದು ನೋಟುಪುಸ್ತಕ, ಸರದಿಯ ಮೇಲೆ ಮನೆಯಿಂದ ತರುವ ನಿಂಬೆಹಣ್ಣಿನ ಪಾನಕ ಸಾಕು. ಮಕ್ಕಳ ಶಾಲೆಗೆ, ಕಾಯಿಲೆಗೆ, ಕುಡಿಯುವ ನೀರಿಗೆ ಎಲ್ಲಕ್ಕೂ ದುಡ್ಡು ತೆರುತ್ತಿರುವ ಈ ನಗರದಲ್ಲಿ, ವಾರಕ್ಕೊಂದು ಗಂಟೆಯಾದರೂ ಜೇಬು ಮುಟ್ಟಿನೋಡಿಕೊಳ್ಳದೆ ಒಬ್ಬರ ಪಕ್ಕದಲ್ಲೊಬ್ಬರು ಉಸಿರಾಡುವ ಜಾಗ ಉಳಿಯಲಿ. ಅದನ್ನೂ ಮಾರಿಕೊಂಡರೆ, ಮತ್ತೆ ಕೊಂಡುಕೊಳ್ಳಲು ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ.